ಧರೆ ಕಡಿದು ಮನೆ ಕಟ್ಟುವಾಗ ಕೆಲಸಗಾರರ ಜೀವಕ್ಕೆ ಹೊಣೆ ಯಾರು?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಇಳಿಜಾರು ಜಾಗದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಜೆಸಿಬಿ ತರಿಸಿ ಹಿಂದಿನ ಧರೆಯನ್ನು (ಗುಡ್ಡದ ಬದಿಯ ಮಣ್ಣಿನ ದಿಬ್ಬವನ್ನು) 12 ಅಡಿ ನೇರವಾಗಿ ಕಡಿಸಿದ್ದಾಗಿದೆ. ಧರೆಗೂ ಹಿಂಗೋಡೆಗೂ ನಡುವೆ 4 ಅಡಿ ಜಾಗವಿದೆ. ಇನ್ನು ಪಾಯ ತೆಗೆಯಬೇಕು, ಮಳೆಗಾಲಕ್ಕೆ ಐದು ವಾರವಿದೆ. ಮೇಸ್ತ್ರಿಗೆ ಲೇಬರ್ ಕಂಟ್ರಾಕ್ಟ್ ಕೊಟ್ಟಿದ್ದೇವೆ. ‘ಅನಾಹುತವಾದರೆ ಮೇಸ್ತ್ರಿಯೇ ಹೊಣೆ’ ಎಂದು ಕಾಗದ ಬರೆಸಿಕೊಂಡರೆ ಸಾಕೇ?

ಉತ್ತರ: ಸಾಲದು. ಹಣದ ವಿಚಾರದಲ್ಲಿ ನಿಮ್ಮಿಬ್ಬರ ನಡುವೆ ಆ ಕಾಗದ ಒಂದಿಷ್ಟು ಕೆಲಸಕ್ಕೆ ಬಂದೀತು. ಆದರೆ ಸಾವು ಸಂಭವಿಸಿದರೆ ಪೊಲೀಸರು ನೋಡುವುದು ನಿರ್ಲಕ್ಷ್ಯ ಯಾರದೆಂದು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಇದಕ್ಕೆ ಐದು ವರ್ಷದವರೆಗೆ ಶಿಕ್ಷೆಯಿದೆ. ನಿಮ್ಮ ಜಾಗದಲ್ಲಿ ಧರೆಯನ್ನು ಎಷ್ಟು ಎತ್ತರ, ಎಷ್ಟು ನೇರ ಕಡಿಯಬೇಕೆಂದು ತೀರ್ಮಾನಿಸಿದವರು ನೀವು. ಮೇಸ್ತ್ರಿ ಬಂದದ್ದು ಆಮೇಲೆ. ಅವನ ಆಳುಗಳು ನೀವು ಕಡಿಸಿದ ಧರೆಯ ಬುಡದಲ್ಲಿ ಬಗ್ಗಿ ಮಣ್ಣು ತೆಗೆಯುವವರು. ಹಾಗಾಗಿ ಕಾಗದಕ್ಕಿಂತ ಮೊದಲು ಧರೆಯನ್ನು ನೋಡಿ.

ಮಲೆನಾಡಿನ ಧರೆ ಬೇಸಿಗೆಯಲ್ಲಿ ಮೋಸ ಮಾಡುತ್ತದೆ. ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ, ಅದರಡಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣು. ಒಣಗಿದ ಶೇಡಿಗೆ ಪಿಕಾಸಿ ಕೂಡ ಸುಲಭಕ್ಕೆ ಇಳಿಯದು, ಅದಕ್ಕೇ ನೇರ ಕಡಿದರೂ ನಿಲ್ಲುತ್ತದೆ. ಆರಿದ್ರಾ, ಪುನರ್ವಸು ಮಳೆ ಹಿಡಿದು ನೀರು ಒಳಗಿಳಿದ ಮೇಲೆ ಅದೇ ಮಣ್ಣು ಹಿಟ್ಟಿನಂತೆ ಕಲಸಿಹೋಗುತ್ತದೆ. ಬುಡ ಜಾರಿದ ಮೇಲೆ ಮೇಲಿನ ಜಂಬಿಟ್ಟಿಗೆಗೆ ಆಧಾರವೆಲ್ಲಿ? ಒಂದು ಘನಮೀಟರ್ ಒದ್ದೆ ಮಣ್ಣು ಹತ್ತಿರಹತ್ತಿರ ಎರಡು ಟನ್ ತೂಗುತ್ತದೆ. ಎದೆಯವರೆಗೆ ಹೂತುಹೋದವನ ತಲೆ ಹೊರಗಿದ್ದರೂ ಉಸಿರೆಳೆಯಲಾಗುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ನಿಮ್ಮ ಪಾಯದಲ್ಲಿದೆ. ಧರೆಯ ಬುಡದಿಂದ 4 ಅಡಿ ದೂರದಲ್ಲಿ 4 ಅಡಿ ಆಳದ ಗುಂಡಿ ತೆಗೆದರೆ ಧರೆಯ ಎತ್ತರ 12 ಅಡಿ ಅಲ್ಲ, 16 ಅಡಿ ಎಂದೇ ಲೆಕ್ಕ. 1.5 ಮೀಟರ್, ಅಂದರೆ 5 ಅಡಿಗಿಂತ ಆಳವಾದ ಕಡಿತಕ್ಕೆ ಇಳಿಜಾರು ಕೊಡಬೇಕು ಇಲ್ಲವೇ ಹಲಗೆ, ಅಡ್ಡಗಂಬಗಳ ಆಸರೆ ಕೊಡಬೇಕು.

ಆದ್ದರಿಂದ ಪಾಯ ನಿಲ್ಲಿಸಿ, ಮೊದಲು ಧರೆಯ ಕೆಲಸ ಮುಗಿಸಿ. ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಕಡಿಸಿ: ಒಂದೊಂದು ಮೆಟ್ಟಿಲೂ 5 ಅಡಿಗಿಂತ ಎತ್ತರವಿರದಿರಲಿ, ಅಗಲವೂ ಅಷ್ಟೇ ಇರಲಿ. ಬುಡ ಕೊರೆದು ಮೇಲಿನದನ್ನು ಬೀಳಿಸುವ ಪದ್ಧತಿ ಬೇಡವೇ ಬೇಡ. ಮೇಲೆ ರಸ್ತೆಯೋ ಪಕ್ಕದವರ ತೋಟವೋ ಇದ್ದು ಮೆಟ್ಟಿಲಿಗೆ ಜಾಗವಿಲ್ಲದಿದ್ದರೆ, ಮನೆಗಿಂತ ಮೊದಲು ತಡೆಗೋಡೆ ಕಟ್ಟಬೇಕು. ಅದರ ದಪ್ಪ, ಬುಡದ ಅಗಲವನ್ನು ಜಾಗ ನೋಡಿದ ಸಿವಿಲ್ ಎಂಜಿನಿಯರ್ ಹೇಳಲಿ, ಅಂದಾಜು ಬೇಡ. ಗೋಡೆಯಲ್ಲಿ ನೀರು ಬಸಿಯಲು ಪೈಪು, ಪೈಪಿನ ಹಿಂದೆ ಜಲ್ಲಿ ಇರಲೇಬೇಕು. ತಡೆಗೋಡೆಗಳು ಹೆಚ್ಚಾಗಿ ಉರುಳುವುದು ಹಿಂದೆ ನಿಂತ ನೀರಿನ ಒತ್ತಡಕ್ಕೆ.

ಧರೆಯ ಮೇಲೆ, ಅಂಚಿನಿಂದ ಸಾಕಷ್ಟು ಹಿಂದೆ, ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸುವ ಬಸಿಗಾಲುವೆ ಮಾಡಿ. ಅದಕ್ಕೆ ಸಿಮೆಂಟ್ ಮೆತ್ತಿಸಿ. ಬರೀ ಮಣ್ಣಿನ ಕಾಲುವೆಯಾದರೆ ನೀರನ್ನು ಧರೆಯೊಳಕ್ಕೇ ಇಳಿಸುತ್ತದೆ. ಅಗೆದ ಮಣ್ಣು, ಕಲ್ಲಿನ ಲೋಡು ಅಂಚಿನಿಂದ ಕನಿಷ್ಠ 1.5 ಮೀಟರ್ ಅಥವಾ ಗುಂಡಿಯ ಅರ್ಧ ಆಳ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರವಿರಲಿ. ಹಿಂಗೋಡೆಯ ಪಾಯವನ್ನು ಒಂದೇ ಸಲ ಉದ್ದಕ್ಕೆ ತೆಗೆಯಬೇಡಿ. 8–10 ಅಡಿ ತೆಗೆದು, ಅಂದೇ ಕಾಂಕ್ರೀಟ್ ಹಾಕಿ, ಅದು ಗಟ್ಟಿಯಾದ ಮೇಲೆ ಪಕ್ಕದ ತುಂಡಿಗೆ ಹೋಗಿ.

ದಿನಾ ಬೆಳಿಗ್ಗೆ ಮತ್ತು ಪ್ರತಿ ಮಳೆಯ ನಂತರ ಧರೆಯ ಮೇಲೆ ಹತ್ತಿ ನೋಡುವವರು ಯಾರೆಂದು ಹೆಸರಿಟ್ಟು ಗೊತ್ತುಮಾಡಿ. ಅಂಚಿಗೆ ಸಮಾನಾಂತರವಾಗಿ ಬಿರುಕು, ವಾಲಿದ ಮರ, ಬುಡದಿಂದ ಬಗ್ಗಡ ನೀರು, ಉದುರುವ ಮಣ್ಣು: ಇವುಗಳಲ್ಲಿ ಒಂದು ಕಂಡರೂ ಆಳುಗಳನ್ನು ಧರೆಯ ಬುಡದಿಂದ ದೂರ ಕರೆಯಬೇಕು. ಹಾಗೆ ಕರೆಯುವ ಅಧಿಕಾರ ಆ ವ್ಯಕ್ತಿಗಿರಲಿ, ನಿಂತ ಅರ್ಧ ದಿನದ ಕೂಲಿ ನೀವು ಕೊಡುತ್ತೀರೆಂದು ಮೊದಲೇ ಹೇಳಿಬಿಡಿ. ಕೂಲಿ ಹೋಗುವ ಭಯವಿದ್ದರೆ ಯಾರೂ ಬಿರುಕು ತೋರಿಸುವುದಿಲ್ಲ. ಯಾರಾದರೂ ಹೂತುಹೋದರೆ 112ಕ್ಕೆ ಕರೆಮಾಡಿ. ಮತ್ತೆ ಕುಸಿಯುವ ಅಂಚಿನ ಕೆಳಗೆ ಎಲ್ಲರೂ ಒಟ್ಟಿಗೆ ನುಗ್ಗಬಾರದು, ಹೂತವನ ಹತ್ತಿರ ಜೆಸಿಬಿ ಬಕೆಟ್ ಹಾಕಬಾರದು.

ಕಾಗದದ ವಿಷಯಕ್ಕೆ ಬಂದರೆ, ಹೊಣೆ ಜಾರಿಸುವ ಸಾಲಿನ ಬದಲು ಹೆಲ್ಮೆಟ್, ಬೂಟು, ಸಾರವೆಯ ಸಾಮಾನು ಯಾರು ತರಬೇಕು, ಹಣ ಯಾರದು ಎಂದು ಬರೆಯಿರಿ. ಆಳುಗಳನ್ನು ಒಳಗೊಳ್ಳುವ ಅಪಘಾತ ವಿಮೆ ಮಾಡಿಸಿ. 18ರಿಂದ 60 ವರ್ಷದೊಳಗಿನ, ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಲೇಬರ್ ಕಾರ್ಡ್ ಇಲ್ಲದವರಿಗೆ ಮಾಡಿಸಿಕೊಡಿ.

ಪ್ರಶ್ನೆ: ಸಾಗರದಲ್ಲಿ ನಮ್ಮ ಮನೆಯ ತಾರಸಿ ಹಾಕಿ ಆರು ದಿನವಾಯಿತು. ಹಾಲ್ 16 ಅಡಿ ಅಗಲವಿದೆ. ಬೇರೆ ಕಡೆ ಸಾಮಾನು ಬೇಕೆಂದು ಮೇಸ್ತ್ರಿ ನಾಳೆ ಸೆಂಟ್ರಿಂಗ್ ಬಿಚ್ಚುತ್ತಾನಂತೆ. ಬಿಡಬಹುದೇ?

ಉತ್ತರ: ಬಿಡಬೇಡಿ. ಸೆಂಟ್ರಿಂಗ್ ಕಂಬಗಳನ್ನು ಏಳು ದಿನಕ್ಕೆ ತೆಗೆಯಬಹುದಾದದ್ದು 4.5 ಮೀಟರ್‌ವರೆಗಿನ ಅಗಲಕ್ಕೆ. 16 ಅಡಿ ಎಂದರೆ 4.9 ಮೀಟರ್, ಕನಿಷ್ಠ 14 ದಿನ ಬೇಕು. ಅದೂ ಸಾದಾ ಓಪಿಸಿ ಸಿಮೆಂಟಿನ ಲೆಕ್ಕ. ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟ್) ಬಳಸಿದ್ದರೆ ಇನ್ನಷ್ಟು ದಿನ ಬಿಡಿ. 6 ಮೀಟರ್ ಮೀರಿದ ತೊಲೆಗೆ 21 ದಿನ. ನಿಮ್ಮ ತಾರಸಿ 5 ಇಂಚು ದಪ್ಪವಿದ್ದರೆ ಪ್ರತಿ ಚದರಡಿ ಹತ್ತಿರಹತ್ತಿರ 30 ಕಿಲೋ, 1000 ಚದರಡಿಗೆ 30 ಟನ್. ಆ ಭಾರದ ಕೆಳಗೆ ನಿಂತು ಜಾಕ್ ಸಡಿಲಿಸುವವನು ಸೆಂಟ್ರಿಂಗ್ ಹುಡುಗ. ಕಟ್ಟುವಾಗ ಕಟ್ಟಡ ಕುಸಿದು ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದಿರುವುದೂ ಭಾರತೀಯ ನ್ಯಾಯ ಸಂಹಿತೆಯ 290ನೇ ಕಲಮಿನಡಿ ಅಪರಾಧವೇ. ಸಾಮಾನಿನ ಹೆಚ್ಚುವರಿ ಬಾಡಿಗೆ ಕೊಟ್ಟು ನಿಲ್ಲಿಸಿಕೊಳ್ಳಿ.

ಕಂಬಗಳು ಹಸಿ ಮಣ್ಣಿನ ಮೇಲೆ ನಿಂತಿದ್ದರೆ ಇವತ್ತೇ ನೋಡಿ. ಪ್ರತಿ ಕಂಬದಡಿ ಅಗಲದ ಹಲಗೆ ಇರಬೇಕು, ಒಂದರ ಮೇಲೊಂದು ಪೇರಿಸಿದ ಇಟ್ಟಿಗೆ ಚೂರಲ್ಲ. ಇನ್ನು ಗೋಡೆ ಗಿಲಾವಿಗೆ ಸಾರವೆ ಕಟ್ಟುವಾಗ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸಿ ನಡೆಯುವುದನ್ನು ತಪ್ಪಿಸಿ. ಮಳೆ ಬಿದ್ದರೆ ಅದು ಜಾರುತ್ತದೆ, ಪಾಚಿ ಕಟ್ಟಿದರಂತೂ ಕಾಲು ನಿಲ್ಲುವುದಿಲ್ಲ. ಹಲಗೆ ಹಾಸಿ, ಸೊಂಟದ ಮಟ್ಟಕ್ಕೆ ಅಡ್ಡಗಂಬ ಕಟ್ಟಿಸಿ.

ಪ್ರಶ್ನೆ: ಸೈಟಿನ ಪಕ್ಕದಲ್ಲೇ 11 ಕೆವಿ ಲೈನ್ ಹೋಗಿದೆ. ಮಹಡಿಗೆ ಕಬ್ಬಿಣ ಏರಿಸಬೇಕು. ಏನು ಜಾಗ್ರತೆ?

ಉತ್ತರ: ಕಟ್ಟಡದಿಂದ ಈ ಲೈನ್ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ದೂರವಿರಬೇಕು. ಆದರೆ ಕಬ್ಬಿಣದ ಪೂರ್ತಿ ಉದ್ದ 12 ಮೀಟರ್, ಕೆಳಗಿಂದ ಎತ್ತಿ ತಿರುಗಿಸುವಾಗ ತುದಿ ಎಲ್ಲಿ ಹೋಗುತ್ತದೆಂದು ಹಿಡಿದವನಿಗೇ ಕಾಣದು. ನೆಲದಲ್ಲೇ ಅಳತೆಗೆ ಕತ್ತರಿಸಿ, ಲೈನ್ ಇಲ್ಲದ ಬದಿಯಿಂದ ಏರಿಸಿ. ಬೇರೆ ಬದಿಯೇ ಇಲ್ಲದಿದ್ದರೆ ಮೆಸ್ಕಾಂ ಶಾಖೆಗೆ ಬರೆದುಕೊಟ್ಟು, ಆ ಹೊತ್ತಿಗೆ ಲೈನ್ ಆಫ್ ಮಾಡಿಸಿ. ಫೋನಿನಲ್ಲಿ ಆಫ್ ಆಗಿದೆ ಎಂದದ್ದನ್ನು ನಂಬಿ ಹತ್ತಿಸಬೇಡಿ, ಲೈನ್‌ಮನ್ ಸ್ಥಳದಲ್ಲಿ ನಿಂತಿರಲಿ. ಸೈಟಿನ ತಾತ್ಕಾಲಿಕ ಸಂಪರ್ಕಕ್ಕೆ 30 ಮಿಲಿಆಂಪ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ಕೆಲಸ ಶುರುವಾಗುವ ಮುನ್ನ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಅಂದು ಕಟಿಂಗ್ ಮೆಷಿನ್, ವೈಬ್ರೇಟರ್ ಯಾವುದನ್ನೂ ಓಡಿಸಬೇಡಿ.