ಮಾತ್ರೆ ನುಂಗಿದರೂ ಟಿಎಸ್‌ಎಚ್ ಏರಿದ್ದೇಕೆ?

ಪ್ರಶ್ನೆ: ನಾನು ಹಾವೇರಿಯವಳು, ವಯಸ್ಸು 42. ಥೈರಾಯ್ಡ್ ಕಡಿಮೆ ಇದೆ ಎಂದು 2 ವರ್ಷದಿಂದ ದಿನಾ 75 ಮೈಕ್ರೋಗ್ರಾಂ ಮಾತ್ರೆ ತಗೊಳ್ತಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಚಹಾದ ಜೊತೆ ನುಂಗುತ್ತೇನೆ. ರಕ್ತ ಕಡಿಮೆ ಎಂದು ಈಚೆಗೆ ಕಬ್ಬಿಣದ ಮಾತ್ರೆಯನ್ನೂ ಬರೆದುಕೊಟ್ಟಿದ್ದಾರೆ. ಮರೆಯಬಾರದು ಅಂತ ಎರಡನ್ನೂ ಒಟ್ಟಿಗೇ ತಗೊಳ್ತೇನೆ. ಮೊದಲು ಸರಿಯಿದ್ದ ಟಿಎಸ್‌ಎಚ್ ಈ ಸಲ 9.2 ಬಂದಿದೆ. ‘ಥೈರಾಯ್ಡ್ ಜಾಸ್ತಿ ಆಗ್ಯಾದ, ಮಾತ್ರೆ ಬಿಡು’ ಅಂತ ನೆಗೆಣ್ಣಿ ಹೇಳುತ್ತಾಳೆ. ಬಿಡಲೇ? ಶೇಂಗಾ ಚಟ್ನಿ, ಕ್ಯಾಬೇಜ್ ಪಲ್ಯನೂ ಬಿಡಬೇಕಾ?

ಉತ್ತರ: ದಯವಿಟ್ಟು ಮಾತ್ರೆ ಬಿಡಬೇಡಿ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗುವುದಲ್ಲ. ಮಿದುಳಿನ ಕೆಳಗೆ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಅದನ್ನು ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಸಾಲದಿದ್ದರೆ ‘ಇನ್ನಷ್ಟು ಮಾಡು’ ಎಂದು ಪಿಟ್ಯುಟರಿ ಟಿಎಸ್‌ಎಚ್ ಏರಿಸುತ್ತದೆ. ಹೆಚ್ಚಿನ ಲ್ಯಾಬ್‌ಗಳಲ್ಲಿ ಸುಮಾರು 0.4ರಿಂದ 4ರವರೆಗೆ ಸರಿ ಎನ್ನುತ್ತಾರೆ. ನಿಮ್ಮ 9.2 ಅಂದರೆ ಹಾರ್ಮೋನು ಕಡಿಮೆ ಬಿದ್ದಿದೆ. ಈಗ ಮಾತ್ರೆ ಬಿಟ್ಟರೆ ಸುಸ್ತು, ಮಲಬದ್ಧತೆ, ಮೈ ಭಾರ ಎಲ್ಲ ಹೆಚ್ಚುತ್ತವೆ.

ದಿನಾ ನುಂಗಿದರೂ ಕಡಿಮೆ ಬಿದ್ದದ್ದು ಹೇಗೆ? ನನ್ನ ಅನುಮಾನ ಆ ಕಬ್ಬಿಣದ ಮಾತ್ರೆ ಮತ್ತು ಚಹಾದ ಮೇಲೆ. ನಿಮ್ಮ ಥೈರಾಯ್ಡ್ ಮಾತ್ರೆಯಲ್ಲಿರುವುದು ಇದೇ ಹಾರ್ಮೋನು. ಅದನ್ನು ರಕ್ತಕ್ಕೆ ಹೀರಿಕೊಳ್ಳುವುದು ಸಣ್ಣ ಕರುಳು. ಹೊಟ್ಟೆ ಖಾಲಿ ಇದ್ದಾಗಲೂ ಪೂರ್ತಿ ಹೀರುವುದಿಲ್ಲ, ಸುಮಾರು 60–80 ಶೇಕಡಾ ಅಷ್ಟೇ. ಕಬ್ಬಿಣ, ಕ್ಯಾಲ್ಸಿಯಂ ಜೊತೆಗಿದ್ದರೆ ಹಾರ್ಮೋನು ಅವಕ್ಕೆ ಅಂಟಿಕೊಂಡು ಮಲದಲ್ಲೇ ಹೋಗಿಬಿಡುತ್ತದೆ. ಹಾಲು, ಕಾಫಿ, ಅಸಿಡಿಟಿ ಮಾತ್ರೆಗಳೂ ಅಡ್ಡ ಬರುತ್ತವೆ.

ಆದ್ದರಿಂದ ಎದ್ದ ಕೂಡಲೇ ಬರೀ ನೀರಿನಲ್ಲಿ ಮಾತ್ರೆ ನುಂಗಿ. ಆಮೇಲೆ ಒಂದು ತಾಸು ಏನೂ ಬೇಡ, ಚಹಾ ಕೂಡ. ಬೆಳಿಗ್ಗೆ ಚಹಾ ಬಿಟ್ಟು ಇರುವುದು ಕಷ್ಟ, ನನಗೂ ಗೊತ್ತು. ಹಾಗಿದ್ದರೆ ರಾತ್ರಿ ಊಟವಾಗಿ ಮೂರು ತಾಸಿನ ಮೇಲೆ, ಮಲಗುವಾಗ ತಗೊಳ್ಳಬಹುದು. ಯಾವುದಾದರೂ ಒಂದು ಹೊತ್ತು ಹಿಡಿದು ಅದನ್ನೇ ಪಾಲಿಸಿ. ಕಬ್ಬಿಣದ ಮಾತ್ರೆಗೆ ಕನಿಷ್ಠ ನಾಲ್ಕು ತಾಸಿನ ಅಂತರ ಇರಲಿ. ಕೂದಲು ಉದುರುತ್ತದೆ ಅಂತ ಬಯೋಟಿನ್ ಎಂಬ ವಿಟಮಿನ್ ತಗೊಳ್ತಿದ್ದರೆ ರಕ್ತ ಕೊಡುವ ಮೊದಲೇ ಡಾಕ್ಟರಿಗೆ ಹೇಳಿ, ಅದು ರಿಪೋರ್ಟಿನ ಅಂಕಿಯನ್ನೇ ತಪ್ಪಾಗಿ ತೋರಿಸಬಲ್ಲದು.

ಶೇಂಗಾ ಚಟ್ನಿ ಧಾರಾಳವಾಗಿ ತಿನ್ನಿ. ಬೇಯಿಸಿದ ಕ್ಯಾಬೇಜೂ ಅಡ್ಡಿಯಿಲ್ಲ. ಇವೆರಡರ ಬಗ್ಗೆ ಸುಮ್ನೆ ಹೆದರಿಸುವವರೇ ಜಾಸ್ತಿ. ಸೋಯಾ ಮಾತ್ರ ಮಾತ್ರೆಯ ಹೊತ್ತಿಗೆ ಬೇಡ. ಅಯೋಡಿನ್ ಉಪ್ಪು ಸಾಕು, ಬೇರೆ ಅಯೋಡಿನ್ ಮಾತ್ರೆ ಬೇಕಿಲ್ಲ.

ಈ ಸಂಗತಿಯನ್ನೆಲ್ಲ ಡಾಕ್ಟರ ಮುಂದೆ ಹೇಳಿ. ಕಾರಣ ತಿಳಿಯದೆ ಡೋಸ್ ಏರಿಸಿದರೆ, ಮುಂದೆ ಕಬ್ಬಿಣದ ಮಾತ್ರೆ ನಿಂತ ಮೇಲೆ ಅದೇ ಡೋಸ್ ಹೆಚ್ಚಾಗಿ ಎದೆಬಡಿತ ಶುರುವಾಗಬಹುದು. ಅವರು ಒಪ್ಪಿದರೆ ಇದೇ ಡೋಸನ್ನು ಸರಿಯಾಗಿ ತಗೊಂಡು 6ರಿಂದ 8 ವಾರದ ನಂತರ ಮತ್ತೆ ಟೆಸ್ಟ್ ಮಾಡಿಸಿ. ಮುಟ್ಟು ತಪ್ಪಿ ಗರ್ಭದ ಅನುಮಾನ ಇದ್ದರೆ ಮಾತ್ರ ಅಷ್ಟು ದಿನ ಕಾಯಬೇಡಿ, ಕೂಡಲೇ ಹೋಗಿ ತೋರಿಸಿ.