ಬಾಕ್ಸ್‌ಸ್ಟರ್‌ನ ಹಿಂದಿನ ಟೈರು ಸವೆದಿದೆ, ಯಾವುದು ಹಾಕಿಸಲಿ?

ನಿಮ್ಮ ಪ್ರಶ್ನೆ ಇಷ್ಟು. 2014ರ ಸೆಕೆಂಡ್ ಹ್ಯಾಂಡ್ ಪೋರ್ಶೆ ಬಾಕ್ಸ್‌ಸ್ಟರ್, 19 ಇಂಚಿನ ವೀಲು, ಬೆಂಗಳೂರು. ಹಿಂದಿನ ಎರಡು ಟೈರು ಸವೆದಿವೆ, ಮುಂದಿನವುಗಳಲ್ಲಿ ಇನ್ನೂ ಬಟನ್ (ರಬ್ಬರಿನ ಮೇಲಿನ ಅಚ್ಚು) ಇದೆ. ನಿಮ್ಮ ಸೈಜು ಸ್ಟಾಕ್ ಇಲ್ಲ, 255/35 ಆದರೆ ಇವತ್ತೇ ಹಾಕಿಕೊಡುತ್ತೇವೆ ಅಂತ ಅಂಗಡಿಯವರು ಹೇಳಿದ್ದಾರೆ. ಗಾಡಿ ಓಡುವುದು ಭಾನುವಾರ ನಂದಿಬೆಟ್ಟಕ್ಕೆ, ಆಗಾಗ ಮೈಸೂರಿಗೆ. ಯಾವ ಬ್ರ್ಯಾಂಡ್ ಒಳ್ಳೆಯದು ಅಂತ ಕೇಳಿದ್ದೀರಿ.

255/35 ಬೇಡ. ಬ್ರ್ಯಾಂಡಿನ ಮಾತು ಆಮೇಲೆ. ಮೊದಲು ಹೋಗಿ ಮುಂದಿನ ಟೈರು ಯಾವ ಇಸವಿಯದ್ದು ಅಂತ ನೋಡಿಕೊಂಡು ಬನ್ನಿ.

ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 2216 ಅಂತ ಇದ್ದರೆ 2016ನೇ ಇಸವಿಯ 22ನೇ ವಾರದಲ್ಲಿ ತಯಾರಾದದ್ದು. ಈ ಸಾಲು ಕೆಲವು ಸಲ ಟೈರಿನ ಒಂದು ಬದಿಯಲ್ಲಿ ಮಾತ್ರ ಪೂರ್ತಿ ಇರುತ್ತದೆ. ಹೊರಗೆ ಕಾಣದಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಒಳಗೆ ನೋಡಿ.

ಇದನ್ನೇ ಯಾಕೆ ಮೊದಲು ಹೇಳುತ್ತಿದ್ದೇನೆ ಅಂದರೆ, ನಮ್ಮಂಥವರ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಬಟನ್ ಸವೆಯುವ ಮೊದಲೇ ರಬ್ಬರ್ ಮುದಿಯಾಗುತ್ತದೆ. ಬಿಸಿಲು, ಗಾಳಿ, ಸುಮ್ನೆ ನಿಂತಲ್ಲೇ ನಿಲ್ಲುವುದು, ಎಲ್ಲ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ನೋಡಲು ಹೊಸದರ ಹಾಗೆ ಇರುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಬಣ್ಣ ಬಯಲಾಗುತ್ತದೆ. ಹಾಲಿವುಡ್ ನಟ ಪಾಲ್ ವಾಕರ್ 2013ರ ನವೆಂಬರ್ 30ರಂದು ತೀರಿಕೊಂಡ ಅಪಘಾತ ನೆನಪಿರಬಹುದು. ಗೆಳೆಯ ಓಡಿಸುತ್ತಿದ್ದ ಪೋರ್ಶೆ ಕರೇರಾ ಜಿಟಿ ಅದು. ಅತಿಯಾದ ವೇಗವೇ ಕಾರಣ ಅಂತ ತನಿಖೆ ಹೇಳಿತು. ಆದರೆ ಟೈರುಗಳು ಸುಮಾರು ಒಂಬತ್ತು ವರ್ಷ ಹಳೆಯವಾಗಿದ್ದವು, ಅದರಿಂದಲೂ ಗಾಡಿಯ ಹಿಡಿತ ಕೆಟ್ಟಿರಬಹುದು ಅಂತಲೂ ಅದೇ ತನಿಖೆ ಹೇಳಿತು. ಹೆದರಿಸಲು ಹೇಳುತ್ತಿಲ್ಲ. ಆರು ವರ್ಷ ದಾಟಿದ ಟೈರನ್ನು ಇಂಥ ಗಾಡಿಯಲ್ಲಿ ನಾನು ಇಟ್ಟುಕೊಳ್ಳುವುದಿಲ್ಲ, ಬಟನ್ ಎಷ್ಟೇ ಇರಲಿ.

ಹಾಗಾಗಿ ನಿಮ್ಮ ಮುಂದಿನ ಟೈರು ಆರು ವರ್ಷ ದಾಟಿದ್ದರೆ ನಾಲ್ಕೂ ಬದಲಿಸಿ. ನೋವಾಗುತ್ತದೆ, ಗೊತ್ತು. ಹಿಂದಿನ ಒಂದು ಜೊತೆಯ ದುಡ್ಡಿನಲ್ಲೇ ಒಂದು ಸ್ಕೂಟರ್ ಬರುತ್ತದೆ. ಇನ್ನೂ ಮೂರ್ನಾಲ್ಕು ವರ್ಷದ್ದಾಗಿದ್ದರೆ ಹಿಂದಿನ ಎರಡು ಸಾಕು, ಆದರೆ ಮುಂದೆ ಇರುವ ಕಂಪನಿಯದ್ದೇ, ಅದೇ ಮಾಡೆಲ್ ಹಾಕಿಸಿ. ಮುಂದೆ ಒಂದು ಥರ, ಹಿಂದೆ ಒಂದು ಥರ ಇದ್ದರೆ ಒಣ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಮಳೆಯಲ್ಲಿ ತಿರುವು ತೆಗೆದುಕೊಳ್ಳುವಾಗ ಮುಂದಿನದು ಹಿಡಿದು ಹಿಂದಿನದು ಜಾರಬಹುದು. ಎಂಜಿನ್ ಬೆನ್ನ ಹಿಂದೆ ಇರುವ ಗಾಡಿ ಒಮ್ಮೆ ತಿರುಗಲು ಶುರುವಾದರೆ ಹಿಡಿದು ತರುವುದು ಕಷ್ಟ.

ಈಗ ಆ 255/35ರ ವಿಷಯ. ನಿಮ್ಮ ಗಾಡಿಗೆ ಮುಂದೆ 235/40 ಆರ್ 19, ಹಿಂದೆ 265/40 ಆರ್ 19. ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಟೈರಿನ ಪಕ್ಕದ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನುವುದು, ಕೊನೆಯ 19 ವೀಲಿನ ಇಂಚು. ಲೆಕ್ಕ ಹಾಕಿದರೆ ಹಿಂದಿನ ಚಕ್ರದ ಒಟ್ಟು ಎತ್ತರ ಸುಮಾರು 695 ಮಿಲಿಮೀಟರ್, ಮುಂದಿನದು 671. ಅದೇ 255/35 ಹಾಕಿದರೆ ಹಿಂದಿನದು 661ಕ್ಕೆ ಇಳಿಯುತ್ತದೆ. ದೊಡ್ಡದಾಗಿರಬೇಕಾದ ಹಿಂದಿನ ಚಕ್ರ ಮುಂದಿನದಕ್ಕಿಂತ ಚಿಕ್ಕದಾಯಿತು! ಎಬಿಎಸ್ಸೂ, ಗಾಡಿ ಜಾರದಂತೆ ತಡೆಯುವ ವ್ಯವಸ್ಥೆಯೂ ನಾಲ್ಕು ಚಕ್ರಗಳ ವೇಗವನ್ನು ಹೋಲಿಸಿ ನೋಡುತ್ತಲೇ ಇರುತ್ತವೆ. ಅವಕ್ಕೆ ತಪ್ಪು ಲೆಕ್ಕ ಕೊಟ್ಟ ಹಾಗೆ. ಮೇಲಾಗಿ ಗಾಡಿಯ ಹಿಂಭಾಗ ನೆಲಕ್ಕೆ ಒಂದೂವರೆ ಸೆಂಟಿಮೀಟರಿಗಿಂತ ಹತ್ತಿರ ಬರುತ್ತದೆ. ನಮ್ಮ ಏರಿಯಾಗಳ ಹಂಪುಗಳನ್ನು ನೆನಪು ಮಾಡಿಕೊಳ್ಳಿ. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. 255/35 ಬೇರೆ ಕಾರುಗಳಿಗೆ ಬರುವ ಸೈಜು, ಅವರ ಹತ್ತಿರ ಬಿದ್ದಿದೆ, ಅಷ್ಟೆ.

ಸೈಜಿನ ಪಕ್ಕದ ಅಂಕಿಯನ್ನೂ ನೋಡಬೇಕು. ಹಿಂದಿನದಕ್ಕೆ 98 ವೈ ಅಂತ ಇರುತ್ತದೆ. 98 ಅಂದರೆ ಒಂದು ಟೈರು 750 ಕೆಜಿ ಹೊರುತ್ತದೆ, ವೈ ಅಂದರೆ ಗಂಟೆಗೆ 300 ಕಿಮೀ ವೇಗಕ್ಕೆ ಮಾಡಿದ್ದು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೇ ಮಿತಿ 100 ಇರುವಾಗ 300 ಯಾಕೆ ಅಂತ ನನ್ನ ಹೆಂಡತಿಯೂ ಕೇಳಿದ್ದಳು. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಆ ಅಕ್ಷರದ ಹಿಂದೆ ಬಿಸಿ ತಡೆಯುವ ಶಕ್ತಿ ಇದೆ. ಗಾಡಿ ತಯಾರಿಸಿದವರು ಸಸ್ಪೆನ್ಷನ್ ಹೊಂದಿಸಿರುವುದೂ ಅಂಥ ಟೈರಿಗೇ. ಕಡಿಮೆ ಅಕ್ಷರದ್ದು ಹಾಕಿದರೆ ಸ್ಟೀರಿಂಗ್ ರಬ್ಬರ್ ಜಗಿದ ಹಾಗಾಗುತ್ತದೆ.

ಪೋರ್ಶೆಯವರು ತಾವು ಪರೀಕ್ಷಿಸಿ ಒಪ್ಪಿದ ಟೈರಿನ ಮೇಲೆ ಎನ್0, ಎನ್1, ಎನ್2 ಅಂತ ಗುರುತು ಹಾಕಿಸುತ್ತಾರೆ. ಒಂದೇ ಮಾಡೆಲ್‌ನಲ್ಲಿ ಅಂಕಿ ಹೆಚ್ಚಾದಂತೆ ಹೊಸ ಆವೃತ್ತಿ. ಒಂದೇ ಆಕ್ಸಲ್ ಮೇಲೆ ಎನ್0 ಒಂದು, ಎನ್1 ಒಂದು ಹಾಕಿಸಬೇಡಿ. ಗುರುತು ಇರಲೇಬೇಕಾ? ನನ್ನ ಅಭಿಪ್ರಾಯ ಹೀಗೆ: ಗುರುತಿದ್ದು ಮೂರು ವರ್ಷದಿಂದ ಗೋಡೌನಿನಲ್ಲಿ ಕೂತ ಟೈರಿಗಿಂತ, ಗುರುತಿಲ್ಲದೆ ಆರು ತಿಂಗಳ ಹಿಂದೆ ತಯಾರಾದ ಅದೇ ಸೈಜಿನ ಒಳ್ಳೆಯ ಟೈರು ಮೇಲು. ವಾರಂಟಿಯಲ್ಲಿರುವ ಗಾಡಿಯವರು ಒಮ್ಮೆ ಕೇಳಿಕೊಳ್ಳಲಿ. ನಿಮಗೂ ನನಗೂ ಆ ಚಿಂತೆ ಇಲ್ಲ, ಅಲ್ವಾ.

ಸಿಗುವುದೇ ಕಷ್ಟ ಅನ್ನುವುದು ನಿಜ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಕಾರ್ ಟೈರುಗಳ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿತು. ಐಎಸ್‌ಐ ಗುರುತಿನ ನಿಯಮ ಅದಕ್ಕೂ ಮೊದಲೇ ಇತ್ತು. ಮಾಮೂಲಿ ಸೈಜುಗಳು ಇಲ್ಲೇ ತಯಾರಾಗುತ್ತವೆ. ನಮ್ಮಂಥ ಸೈಜುಗಳಿಗೆ ಗಿರಾಕಿ ಎಷ್ಟು ಜನ? ಹಾಗಾಗಿ ಕಾಯಬೇಕಾಗುತ್ತದೆ. ಟೈರು ಬೋಳಾಗುವವರೆಗೆ ಕೂರಬೇಡಿ, ಬಟನ್ 3 ಮಿಮೀ ಉಳಿದಾಗಲೇ ಆರ್ಡರ್ ಮಾಡಿ. ಕಾನೂನಿನ ಮಿತಿ 1.6 ಮಿಮೀ, ಆದರೆ ಮಳೆ ಕಾನೂನು ನೋಡಿಕೊಂಡು ಬರುವುದಿಲ್ಲ.

ಮಳೆಯ ಮಾತು ಬಂದಿದ್ದಕ್ಕೆ ಒಂದು ಲೆಕ್ಕ. ವಿಮಾನದ ಟೈರುಗಳು ನಿಂತ ನೀರಿನ ಮೇಲೆ ಯಾವಾಗ ತೇಲುತ್ತವೆ ಅಂತ ನಾಸಾದವರು ಪರೀಕ್ಷೆ ಮಾಡಿ ಒಂದು ಸೂತ್ರ ಕೊಟ್ಟರು. ಗಾಳಿಯ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ತೇಲುವ ವೇಗ ನಾಟ್‌ಗಳಲ್ಲಿ ಸಿಗುತ್ತದೆ. ಕಾರಿಗೆ ಇದು ಅಂದಾಜು ಮಾತ್ರ. 36 ಪಿಎಸ್‌ಐ ಇದ್ದರೆ 54 ನಾಟ್, ಅಂದರೆ ಗಂಟೆಗೆ ಸುಮಾರು 100 ಕಿಮೀ. 25ಕ್ಕೆ ಇಳಿದಿದ್ದರೆ 83. ಬಟನ್ ಚೆನ್ನಾಗಿದ್ದರೆ ನೀರು ಪಕ್ಕಕ್ಕೆ ಹೋಗುತ್ತದೆ, ಈ ಗಂಡಾಂತರ ದೂರ ಇರುತ್ತದೆ. ಬೋಳು ಟೈರಿಗೆ ಆ ದಾರಿಯೇ ಇಲ್ಲ. ಅಗಲದ ಟೈರಿಗೆ ನೀರು ತಳ್ಳುವ ಕೆಲಸವೂ ಜಾಸ್ತಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಜೋರು ಮಳೆ ಬಂದಾಗ ಪಕ್ಕದ ಹಳೇ ಆಲ್ಟೊ ಆರಾಮಾಗಿ ಹೋಗುತ್ತಿರುತ್ತದೆ, ನಾವು ಹ್ಯಾಜರ್ಡ್ ಲೈಟ್ ಹಾಕಿಕೊಂಡು ತೆವಳುತ್ತಿರುತ್ತೇವೆ.

ಈಗ ಬ್ರ್ಯಾಂಡ್. ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಎಸ್, ಪಿರೆಲಿ ಪಿ ಝೀರೋ, ಕಾಂಟಿನೆಂಟಲ್ ಸ್ಪೋರ್ಟ್ ಕಾಂಟ್ಯಾಕ್ಟ್, ಬ್ರಿಡ್ಜ್‌ಸ್ಟೋನ್ ಪೊಟೆನ್ಜಾ ಸ್ಪೋರ್ಟ್. ಈ ದರ್ಜೆಯಲ್ಲಿ ನಿಮ್ಮ ಸೈಜಿಗೆ, ತಾಜಾ ತಾರೀಖಿನದು ಯಾವುದು ಸಿಗುತ್ತದೋ ಅದು. ಆಯ್ಕೆ ಸಿಕ್ಕರೆ ನಾನು ಮಿಶೆಲಿನ್ ತೆಗೆದುಕೊಳ್ಳುತ್ತೇನೆ, ಒದ್ದೆಯಲ್ಲಿ ಅದರ ಮೇಲೆ ನನಗೆ ನಂಬಿಕೆ. ಇಂಟರ್ನೆಟ್ ನೋಡಿ ಪೈಲಟ್ ಸ್ಪೋರ್ಟ್ ಕಪ್ 2 ಕಡೆ ಹೋಗಬೇಡಿ. ಅದರ ಟ್ರೆಡ್‌ವೇರ್ ಅಂಕಿ (ಹೆಚ್ಚಿದ್ದಷ್ಟೂ ನಿಧಾನ ಸವೆಯುತ್ತದೆ) 180, 4 ಎಸ್‌ನದ್ದು 300. ಒಂದೇ ಕಂಪನಿಯ ಒಳಗೆ ಹೋಲಿಸಲು ಈ ಅಂಕಿ ಪರವಾಗಿಲ್ಲ, ಬೇರೆ ಬೇರೆ ಕಂಪನಿಗಳ ನಡುವೆ ನಂಬಬೇಡಿ. ಕಪ್ 2 ರೇಸ್ ಟ್ರ್ಯಾಕಿಗೆ ಮಾಡಿದ್ದು, ಬಿಸಿಯಾದ ಮೇಲೆಯೇ ಅದರ ನಿಜವಾದ ಹಿಡಿತ. ಬೆಳಗಿನ ಆರು ಗಂಟೆಗೆ ನಂದಿಯ ಮಂಜಿನಲ್ಲಿ ಅದು ಎಲ್ಲಿ ಬಿಸಿಯಾಗುತ್ತದೆ?

ಯುರೋಪಿನ ರಿವ್ಯೂಗಳಲ್ಲಿ 7 ಡಿಗ್ರಿ ಕೆಳಗೆ ಸಮ್ಮರ್ ಟೈರು (ಮೇಲೆ ಹೇಳಿದವೆಲ್ಲ ಇದೇ ಜಾತಿ) ಬೇಡ ಅಂತ ಬರೆದಿರುತ್ತಾರೆ. ಜರ್ಮನಿಯಲ್ಲಿರುವ ನನ್ನ ತಮ್ಮ ಅದಕ್ಕೇ ವರ್ಷಕ್ಕೆ ಎರಡು ಸಲ ಟೈರು ಬದಲಿಸುತ್ತಾನೆ. ನಮಗೆ ಬೆಂಗಳೂರಿನಲ್ಲಿ ಆ ತಲೆಬಿಸಿ ಇಲ್ಲ. ಆಲ್ ಸೀಸನ್ ಅಂತ ಯಾರಾದರೂ ಮಾರಲು ಬಂದರೆ ನಮಸ್ಕಾರ ಹೇಳಿ.

ನನ್ನದೂ ಒಂದು ಎಡವಟ್ಟು ಹೇಳುತ್ತೇನೆ. ನನ್ನದು ಹಳೆಯ ಪೋರ್ಶೆ ಕೇಮನ್, 18 ಇಂಚಿನ ವೀಲಿನದು. ಮೊದಲ ಸಲ ಹಿಂದಿನ ಟೈರು ಬದಲಿಸಿದಾಗ ಫೋನಿನಲ್ಲೇ ದುಡ್ಡು ಕಳಿಸಿ, ಹೊಸದು ಅಂತ ನಂಬಿ ಹಾಕಿಸಿಕೊಂಡು ಬಂದೆ. ಮನೆಗೆ ಬಂದು ನೋಡಿದರೆ ಎರಡೂವರೆ ವರ್ಷ ಹಳೆಯದು, ಒಂದು ರಿಮ್ ಅಂಚು ಬೇರೆ ಕೆರೆದಿತ್ತು. ಅಂಗಡಿಯ ಹೆಸರು ಬೇಡ, ತಪ್ಪು ಅರ್ಧ ನನ್ನದೇ. ಈಗ ಟೈರಿನ ತಾರೀಖಿನ ಫೋಟೊ ಬರುವವರೆಗೆ ಒಂದು ರೂಪಾಯಿ ಕೊಡುವುದಿಲ್ಲ.

ಇನ್ನೊಂದು. ಹಿಂದಿನ ಟೈರು ಒಳಅಂಚಿನಲ್ಲಿ ಬೇಗ ಸವೆಯುತ್ತದೆ, ಚಕ್ರಗಳ ತಲೆ ಸ್ವಲ್ಪ ಒಳಕ್ಕೆ ವಾಲಿರುವುದೇ ಕಾರಣ. ಹೊರಗಿನಿಂದ ನೋಡಿದರೆ ಬಟನ್ ಚೆನ್ನಾಗಿರುತ್ತದೆ, ಒಳಗೆ ಬೋಳಾಗಿರುತ್ತದೆ. ತಿಂಗಳಿಗೊಮ್ಮೆ ಕೈ ಹಾಕಿ ಸವರಿ ನೋಡಿ, ತಂತಿ ಚುಚ್ಚದ ಹಾಗೆ ಹುಷಾರು. ಪಕ್ಕದಲ್ಲಿ ಉಬ್ಬು ಕಂಡರೆ ಪಂಚರ್ ಅಂಗಡಿಗೆ ಹೋಗಬೇಡಿ, ಅದು ರಿಪೇರಿ ಆಗುವುದಲ್ಲ. ನಿಮ್ಮ ಗಾಡಿಯಲ್ಲಿ ಸ್ಟೆಪ್ನಿ ಇಲ್ಲ, ಪಂಚರ್ ದ್ರವ ಮಾತ್ರ. ಗುಂಡಿಗೆ ಬಿದ್ದು ಪಕ್ಕ ಹರಿದರೆ ಆ ದ್ರವ ಉಪಯೋಗಕ್ಕೆ ಬರುವುದಿಲ್ಲ. ಕಾರು ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್‌ನವರ ನಂಬರ್ ಫೋನಿನಲ್ಲಿ ಇರಲಿ.

ಹಾಕಿಸುವ ದಿನ ಪಕ್ಕದಲ್ಲೇ ನಿಲ್ಲಿ. ಜ್ಯಾಕ್ ಸರಿಯಾದ ಜಾಗಕ್ಕೆ ಕೊಡುತ್ತಾರಾ ನೋಡಿ. ಬೋಲ್ಟುಗಳನ್ನು ಗನ್‌ನಲ್ಲಿ ಬಿಗಿದು ಬಿಡಲು ಬಿಡಬೇಡಿ, ಕೊನೆಗೆ ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ರೆಂಚ್ ಹಾಕಿಸಿ. ಅಲೈನ್‌ಮೆಂಟ್ ಅವತ್ತೇ ಆಗಲಿ. ಮೊದಲ 300 ಕಿಮೀ ಮೆತ್ತಗೆ ಓಡಿಸಿ, ಹೊಸ ರಬ್ಬರಿನ ಮೇಲ್ಪದರ ಜಾರುತ್ತದೆ. ಮತ್ತೆ, ಬೋಲ್ಟಿನ ಲಾಕ್ ಕೀ ಕೇಳಿ ವಾಪಸ್ ತೆಗೆದುಕೊಳ್ಳಿ. ನನ್ನದು ಎರಡು ಸಲ ಅವರ ಟೂಲ್ ಬಾಕ್ಸಿನಲ್ಲೇ ಉಳಿದಿತ್ತು.