ಚಳಿಗೆ ಡೀಸೆಲ್ ಹೆಪ್ಪುಗಟ್ಟುತ್ತದೆಯೇ?

ಓದುಗರ ಪ್ರಶ್ನೆ: ಯಂತ್ರೋಪಕರಣ

ಪ್ರಶ್ನೆ: ಅಡಿಕೆ ತೋಟದ ಕೆಲಸಕ್ಕೆ 24 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಇದೆ. ಡಿಸೆಂಬರ್ ಶುರುವಾದ ಮೇಲೆ ಬೆಳಗ್ಗೆ ಸ್ಟಾರ್ಟ್ ಆಗಿ ಐದಾರು ನಿಮಿಷ ಓಡಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ. ಚಳಿಗೆ ಡೀಸೆಲ್ ಗಟ್ಟಿಯಾಗುತ್ತದೆ, ಸ್ವಲ್ಪ ಸೀಮೆಎಣ್ಣೆ ಬೆರೆಸಿ ಎಂದು ಊರಲ್ಲಿ ಹೇಳುತ್ತಾರೆ. ಮೊಬೈಲ್ ವಿಡಿಯೊಗಳಲ್ಲಿ ಅದಕ್ಕೆಂದೇ ಬಾಟಲಿ ಔಷಧ ತೋರಿಸುತ್ತಾರೆ. ಯಾವುದು ಮೇಲು?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಎರಡೂ ಬೇಡ. ಡೀಸೆಲ್‌ನಲ್ಲಿ ಮೇಣದ ಅಂಶ ಇರುವುದು ನಿಜ. ಚಳಿ ಜೋರಾದರೆ ಅದು ಸಣ್ಣ ಹರಳಾಗಿ ಡೀಸೆಲ್ ಮಸುಕಾಗುತ್ತದೆ, ಆಮೇಲೆ ಹರಳುಗಳು ಫಿಲ್ಟರ್ ಕಾಗದಕ್ಕೆ ಮೆತ್ತಿಕೊಂಡು ದಾರಿ ಕಟ್ಟುತ್ತವೆ. ಆದರೆ ಅಷ್ಟು ಚಳಿ ನಮ್ಮಲ್ಲಿ ಎಲ್ಲಿದೆ? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುವುದನ್ನು ನೋಡಿದವರಿಗೆ ಡೀಸೆಲ್ ಮೇಲೂ ಅನುಮಾನ ಬರುತ್ತದೆ, ಅಷ್ಟೇ. ಡೀಸೆಲ್‌ಗೆಂದು ಇರುವ ಭಾರತೀಯ ಮಾನದಂಡ ಐಎಸ್ 1460ರಂತೆ ಚಳಿಗಾಲದ ಡೀಸೆಲ್ 6 ಡಿಗ್ರಿಯಲ್ಲೂ ಫಿಲ್ಟರ್ ದಾಟಬೇಕು. ಮಲೆನಾಡಿನ ಹೆಚ್ಚಿನ ರಾತ್ರಿಗಳು ಅಷ್ಟು ಕೆಳಗೆ ಇಳಿಯುವುದಿಲ್ಲ.

ಒಂದು ಮಾತು ಮಾತ್ರ ಗಮನಿಸಿ. ಬೇಸಿಗೆ ದರ್ಜೆಯ ಡೀಸೆಲ್‌ಗೆ ಅದೇ ಮಾನದಂಡದಲ್ಲಿ 18 ಡಿಗ್ರಿವರೆಗೂ ವಿನಾಯಿತಿ ಇದೆ. ಮಳೆಗಾಲದಲ್ಲಿ ತಂದಿಟ್ಟ ಕ್ಯಾನಿನ ಡೀಸೆಲ್ಲನ್ನೇ ಡಿಸೆಂಬರ್‌ನಲ್ಲಿ ಸುರಿದಿದ್ದರೆ ಪರೀಕ್ಷೆ ಮಾಡುವುದು ಒಳ್ಳೆಯದು. ಒಣಗಿದ ಗಾಜಿನ ಬಾಟಲಿಯಲ್ಲಿ ಅರ್ಧ ಲೀಟರ್ ಹಾಕಿ, ಬಿರಡೆ ಮುಚ್ಚಿ ರಾತ್ರಿಯಿಡೀ ಹೊರಗಿಡಿ. ಬೆಳಕು ಹರಿಯುವ ಹೊತ್ತಿಗೆ ನೋಡಿದಾಗ ತಿಳಿಯಾಗಿದ್ದರೆ ಮೇಣದ ಚಿಂತೆ ಬಿಡಿ. ಮಸುಕಾಗಿದ್ದರೆ ಬಾಟಲಿಯನ್ನು ಬಿಸಿಲಿನಲ್ಲಿಡಿ (ಒಲೆಯ ಹತ್ತಿರ ಅಲ್ಲ). ಬೆಚ್ಚಗಾಗುತ್ತಿದ್ದಂತೆ ತಿಳಿಯಾದರೆ ಅದು ಹೆಚ್ಚಾಗಿ ಮೇಣ. ಮಸುಕು ಹಾಗೇ ಉಳಿದರೆ, ಇಲ್ಲವೇ ತಳದಲ್ಲಿ ಗೋಲಿಯಂತೆ ಉರುಳಾಡುವ ಹನಿ ಕಂಡರೆ ಅದು ನೀರು. ನಮ್ಮ ಕಡೆ ನೂರಕ್ಕೆ ತೊಂಬತ್ತು ಸಲ ನೀರೇ ಎಂಬುದು ನಮ್ಮ ಅನುಮಾನ.

ಈಗ ನಿಮ್ಮ ಟ್ರ್ಯಾಕ್ಟರಿಗೆ ಬರೋಣ. ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ ಎಂದರೆ ಡೀಸೆಲ್ ಬರುವ ದಾರಿ ಇಕ್ಕಟ್ಟಾಗಿದೆ. ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆ: ಎಂಜಿನ್ ನಿಲ್ಲಲು ಶುರುವಾದಾಗ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡು ಎಂಜಿನ್ ಚೇತರಿಸಿಕೊಂಡರೆ ಗಾಳಿಯಾಡುವ ತೂತು ಕಟ್ಟಿದೆ. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಸಣ್ಣ ತೂತು, ಪೈಪುಗಳಲ್ಲಿ ಕುಂಬಾರ ಹುಳ ಮಣ್ಣು ತುಂಬುವುದು ಹೊಸದೇನಲ್ಲ. ತಂತಿಯಿಂದ ಚುಚ್ಚಿ ತೆಗೆದರೆ ಮಣ್ಣಿನ ಪುಡಿ ಒಳಗೇ ಬೀಳುತ್ತದೆ, ಮುಚ್ಚಳ ಬಿಚ್ಚಿ ಹೊರಗೆ ತಂದು ಊದಿ.

ತೂತು ಸರಿ ಇದ್ದರೆ ಮುಂದಿನದು ನೀರು. ಅರ್ಧ ಖಾಲಿ ಟ್ಯಾಂಕಿನೊಳಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಗಾಳಿ ಆಡುತ್ತದೆ. ರಾತ್ರಿ ತಗಡು ತಣ್ಣಗಾದಾಗ ಒಳಗೋಡೆಗೆ ಹನಿ ಕೂರುತ್ತದೆ. ನೀರು ಡೀಸೆಲ್‌ಗಿಂತ ಭಾರ, ಇಳಿದು ತಳದಲ್ಲಿ ನಿಲ್ಲುತ್ತದೆ. ಆ ನೀರಿಗೂ ಡೀಸೆಲ್‌ಗೂ ನಡುವಿನ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಂದು–ಕಪ್ಪು ಲೋಳೆಯಾಗುತ್ತದೆ. ಎಂಜಿನ್ ಡೀಸೆಲ್ ಎಳೆದಾಗ ಲೋಳೆ ಟ್ಯಾಂಕಿನಿಂದ ಡೀಸೆಲ್ ಹೊರಡುವ ಬಾಯಿಗೆ ಬಂದು ಅಡ್ಡ ಕೂರುತ್ತದೆ, ನಿಂತಾಗ ತೇಲಿ ದೂರ ಹೋಗುತ್ತದೆ. ನಿಮ್ಮ ಗಾಡಿ ಹತ್ತು ನಿಮಿಷದ ನಂತರ ಹೊರಡುವುದು ಇದರಿಂದಲೂ ಇರಬಹುದು. ಕಾಯಿಲೆ ಹತ್ತಿದ್ದು ಮಳೆಯಲ್ಲಿ, ಕಂಡಿದ್ದು ಚಳಿಯಲ್ಲಿ.

ಫಿಲ್ಟರ್ ಅಡಿಯ ಗಾಜಿನ ಬಟ್ಟಲಿನ ಕೆಳಗೆ ಪಾತ್ರೆ ಹಿಡಿದು, ಡ್ರೈನ್ ಸ್ಕ್ರೂ ಒಂದು ಸುತ್ತು ಸಡಿಲಿಸಿ, ತಿಳಿ ಡೀಸೆಲ್ ಬರುವವರೆಗೆ ಬಿಡಿ. ಇದನ್ನು ಬೆಳಗ್ಗೆ ಗಾಡಿ ಅಲುಗಿಸುವ ಮೊದಲೇ ಮಾಡಿ, ರಾತ್ರಿಯಲ್ಲಿ ನೀರು ತಳ ಸೇರಿರುತ್ತದೆ. ಲೋಳೆ ಬಂದರೆ, ಇಲ್ಲವೇ ಕೊಳೆತ ವಾಸನೆ ಇದ್ದರೆ ಬಟ್ಟಲು ಬಸಿದರೆ ಸಾಲದು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಎರಡು ಲೀಟರ್ ಶುದ್ಧ ಡೀಸೆಲ್ ಹಾಕಿ ಅಲುಗಾಡಿಸಿ ತೊಳೆದು, ಎರಡೂ ಫಿಲ್ಟರ್ ಬದಲಾಯಿಸಿ. ಹಳೆಯ ಫಿಲ್ಟರ್ ತೊಳೆದು ಹಾಕುವ ಅಭ್ಯಾಸ ಕಾಗದದ ಎಳೆಗಳನ್ನು ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಕಡೆಗೆ ಕಳಿಸುವ ಕೆಲಸ.

ಬದಲಾಯಿಸಿದ ಮೇಲೆ ಏರ್, ಅಂದರೆ ಡೀಸೆಲ್ ದಾರಿಯಲ್ಲಿ ಸೇರಿಕೊಂಡ ಗಾಳಿ, ತೆಗೆಯಬೇಕು. ಫಿಲ್ಟರ್ ಮೇಲಿನ ಬ್ಲೀಡ್ ಬೋಲ್ಟ್ ಸಡಿಲಿಸಿ, ಹ್ಯಾಂಡ್ ಪ್ರೈಮರ್ (ಡೀಸೆಲ್ ತಳ್ಳುವ ಕೈಪಂಪು) ಒತ್ತುತ್ತ ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾಯಿರಿ, ಪ್ರೈಮರ್ ಒತ್ತಿರುವಾಗಲೇ ಬೋಲ್ಟ್ ಬಿಗಿಯಿರಿ. ನಂತರ ಪಂಪಿನ ಬೋಲ್ಟಿಗೂ ಇದೇ. ಹೊಸ ಕಾಮನ್ ರೈಲ್ (ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಭಾರೀ ಒತ್ತಡದ ಡೀಸೆಲ್ ಹಂಚುವ) ಎಂಜಿನ್ನಿನ ಹೈ ಪ್ರೆಶರ್ ಪೈಪಿಗೆ ಮಾತ್ರ ಕೈಹಚ್ಚಬೇಡಿ, ಅಲ್ಲಿಯ ಒತ್ತಡದ ಧಾರೆ ಚರ್ಮ ತೂರಿಕೊಂಡು ಒಳಹೋಗುತ್ತದೆ.

ಸೀಮೆಎಣ್ಣೆ ಯಾಕೆ ಬೇಡ ಎಂದರೆ, ಇಂಧನ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಕಡಿಮೆ, ಪಂಪು ಬೇಗ ಸವೆಯುತ್ತದೆ. ಪೆಟ್ರೋಲ್ ಬೆರೆಸುವ ಮಾತಂತೂ ಬೇಡವೇ ಬೇಡ, ಅದು ಬೆಂಕಿಗೆ ಆಹ್ವಾನ.

ಪ್ರಶ್ನೆ: ಮಗ ಸೈನ್ಯದಲ್ಲಿದ್ದಾನೆ. ಲೇಹ್‌ನಲ್ಲಿ ಡೀಸೆಲ್ ಗಟ್ಟಿಯಾಗುತ್ತದೆ ಎನ್ನುತ್ತಾನೆ. ಹಾಗಾದರೆ ಅಲ್ಲಿ ಗಾಡಿ ಓಡುವುದು ಹೇಗೆ?
– ಓದುಗರು, ಸಾಗರ

ಉತ್ತರ: ಅವರು ಹೇಳಿದ್ದು ನಿಜ, ಅಲ್ಲಿ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗೂ ಇಳಿಯುತ್ತದೆ. ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಲಡಾಖ್‌ಗೆಂದೇ ಚಳಿ ಡೀಸೆಲ್ ತಂದಿತು. ಮೈನಸ್ 33 ಡಿಗ್ರಿಯವರೆಗೂ ಅದು ಹರಿಯುತ್ತದೆ. ಅಲ್ಲಿ ಟ್ಯಾಂಕಿನ ನೀರೂ ಹಿಮವಾಗುವುದರಿಂದ ಕಷ್ಟ ಇಮ್ಮಡಿ.

ಪ್ರಶ್ನೆ: ಬೆಳಗ್ಗೆ ಸೆಲ್ಫ್ ಹೊಡೆದರೆ ಬಿಳಿ ಹೊಗೆ ಬರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬಿಸಿಲೇರಿದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್. ಇದೂ ನೀರಿನಿಂದಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಇಲ್ಲ. ಹೊಗೆಯೇ ಗುರುತು. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಬರುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲವಾದರೆ ಡೀಸೆಲ್ ಬರುತ್ತಿಲ್ಲ. ನಿಮ್ಮದು ಮೊದಲನೆಯದು. ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮೊದಲು ಒಳಗೆ ಕಾವು ಕೊಡುವ ಪ್ಲಗ್) ಇರುವ ಎಂಜಿನ್ನಾದರೆ ಅದನ್ನೇ ನೋಡಿ. ತಂತಿ ಬಿಡಿಸಿ, ಎಂಜಿನ್ ತಣ್ಣಗಿರುವಾಗ ಮಲ್ಟಿಮೀಟರಿನಲ್ಲಿ ಪ್ಲಗ್ ತುದಿಗೂ ಎಂಜಿನ್ ಮೈಗೂ ನಡುವೆ ಅಳೆಯಿರಿ. 12 ವೋಲ್ಟ್ ಪ್ಲಗ್ಗಿಗೆ ಸಾಮಾನ್ಯವಾಗಿ ಒಂದೆರಡು ಓಮ್‌ಗಿಂತ ಹೆಚ್ಚಿರುವುದಿಲ್ಲ. ಏನೂ ತೋರಿಸದಿದ್ದರೆ ಪ್ಲಗ್ ಸುಟ್ಟಿದೆ. ಮೂರರಲ್ಲಿ ಒಂದು ಸತ್ತರೂ ಚಳಿಯಲ್ಲಿ ಕಾಟ ಕೊಡುತ್ತದೆ.

ಬ್ಯಾಟರಿಯನ್ನು ಮರೆಯಬೇಡಿ. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಎಂಜಿನ್ ನಿಧಾನ ತಿರುಗಿ ಡೀಸೆಲ್ ಹೊತ್ತಿಕೊಳ್ಳುವಷ್ಟು ಕಾವೇ ಹುಟ್ಟುವುದಿಲ್ಲ. ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡ್ ಮೀರದಿರಲಿ, ನಡುವೆ ಅರ್ಧ ನಿಮಿಷ ಬಿಡಿ. ಎಂಜಿನ್ ಹಿಡಿಯಲೆಂದು ಈಥರ್ ಸ್ಪ್ರೇ (ಥಟ್ಟನೆ ಹೊತ್ತಿಕೊಳ್ಳುವ ದ್ರವ) ಹೊಡೆಯುವ ಮೆಕ್ಯಾನಿಕ್ ಸಿಕ್ಕರೆ ಅವರಿಗೆ ಟೀ ಕುಡಿಸಿ ಕಳಿಸಿ: ಹೀಟರ್ ಪ್ಲಗ್ ಕಾದಿರುವಾಗ ಈಥರ್ ಅಲ್ಲೇ ಸ್ಫೋಟಿಸಿ ಪಿಸ್ಟನ್ ಮುರಿಯಬಹುದು.

ಪ್ರಶ್ನೆ: ಬಂಕ್ ದೂರ. ಡ್ರಮ್ಮಿನಲ್ಲಿ ಡೀಸೆಲ್ ಇಡಬೇಕಾಗಿದೆ. ಹೇಗೆ ಇಡಬೇಕು?
– ಓದುಗರು, ಆಗುಂಬೆ ಹತ್ತಿರ

ಉತ್ತರ: ಡ್ರಮ್ಮನ್ನು ಮಾಡಿನ ಕೆಳಗೆ, ಮರದ ತುಂಡುಗಳ ಮೇಲೆ ಮಲಗಿಸಿಡಿ. ನಿಲ್ಲಿಸಿಟ್ಟರೆ ಮೇಲಿನ ತಗ್ಗಿನಲ್ಲಿ ನಿಂತ ಮಳೆನೀರನ್ನು ಬಿರಡೆಯ ಸಂದಿನಿಂದ ಡ್ರಮ್ಮು ಒಳಗೆ ಹೀರುತ್ತದೆ, ನಿಮ್ಮ ಊರಿನ ಮಳೆಗೆ ಅದು ಎಷ್ಟು ಹೊತ್ತಿನ ಕೆಲಸ? ತಂದ ಮೇಲೆ ಒಂದು ದಿನ ಕದಲಿಸದೆ ಬಿಡಿ. ತೆಗೆಯುವ ಪೈಪಿನ ತುದಿ ತಳದಿಂದ ಒಂದು ಗೇಣು ಮೇಲಿರಲಿ, ಉಳಿದದ್ದನ್ನು ಟ್ರ್ಯಾಕ್ಟರಿಗೆ ಹಾಕಬೇಡಿ. ಜಿಂಕ್ ಲೇಪದ ಡಬ್ಬ ಬೇಡ, ಜಿಂಕ್ ಡೀಸೆಲ್ ಜೊತೆ ಸೇರಿ ಸಾಬೂನಿನಂಥ ಗಷ್ಟು ಕಟ್ಟುತ್ತದೆ. ಮಳೆಗಾಲಕ್ಕೆ ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ, ಸಂಜೆ ಕೆಲಸ ಮುಗಿದ ಕೂಡಲೇ ಟ್ರ್ಯಾಕ್ಟರಿನ ಟ್ಯಾಂಕ್ ತುಂಬಿಸಿಡಿ.